ಯುರಾಸಿಲ್ ಕೀಳುವ ಕಿಣ್ವದ ರಚನೆ ಓದುವುದು ಹೇಗೆ: ಮೈಸೂರು–ಮಂಡ್ಯದ ಲ್ಯಾಬ್‌ಗಳಿಗೊಂದು ಕೈಪಿಡಿ

ಡಿಎನ್‌ಎ ದುರಸ್ತಿಯ ಮೇಲೆ ಪ್ರಾಜೆಕ್ಟ್ ಮಾಡಹೊರಟವರಲ್ಲಿ ಬಹಳ ಮಂದಿ ಪ್ರೋಟೀನ್ ಆರಿಸುವಾಗಲೇ ಎಡವುತ್ತಾರೆ. ಹೆಸರು ಕೇಳಿ ಗೊತ್ತು ಎಂಬ ಒಂದೇ ಕಾರಣಕ್ಕೆ, ಸ್ತನ ಕ್ಯಾನ್ಸರಿನ ಜೊತೆ ಹೆಸರು ಕೇಳಿಬರುವ ಬಿಆರ್‌ಸಿಎ2 ಹಿಡಿಯುತ್ತಾರೆ. ಅದು 3418 ಅಮೈನೊ ಆಮ್ಲಗಳ ಪ್ರೋಟೀನ್. ಎರಡು ಇನ್‌ಕ್ಯುಬೇಟರ್ ಮತ್ತು ಒಂದು ಸೋನಿಕೇಟರ್ (ಶಬ್ದದ ಅಲೆಗಳಿಂದ ಕೋಶ ಒಡೆಯುವ ಯಂತ್ರ) ಇರುವ ಲ್ಯಾಬಿನಲ್ಲಿ ಅದರ ಗೊಡವೆ ಬೇಡ. ಅದರ ಬದಲು ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್, ಲ್ಯಾಬ್ ಮಾತಿನಲ್ಲಿ ಯುಡಿಜಿ, ತೆಗೆದುಕೊಳ್ಳಿ. ಕೆಲಸ ಮಾಡುವ ಭಾಗ 223 ಅಮೈನೊ ಆಮ್ಲ, ತೂಕ ಸುಮಾರು 25 ಕಿಲೋಡಾಲ್ಟನ್. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕರಗಿದ ಸ್ಥಿತಿಯಲ್ಲೇ ಸಿಗುತ್ತದೆ, ಲೋಹದ ಅಯಾನು ಬೇಡುವುದಿಲ್ಲ, ಚಟುವಟಿಕೆ ನೋಡಲು ಒಂದು ಜೆಲ್ ಸಾಕು. ದುರಸ್ತಿಗೂ ಡಿಎನ್‌ಎ ನಕಲಾಗುವಿಕೆಗೂ ಇರುವ ನಂಟು ಕೂಡ ಇದೇ ಪ್ರೋಟೀನಿನ ಬಾಲದಲ್ಲಿ ಕೂತಿದೆ.

ಅದರ ಕೆಲಸ ಇಷ್ಟು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ (ಬೇಸ್‌ಗಳಲ್ಲಿ) ಒಂದಾದ ಸೈಟೋಸಿನ್ ನೀರಿನ ಜೊತೆ ತಾನಾಗಿಯೇ ವರ್ತಿಸಿ ಅಮೈನೊ ಗುಂಪು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಹಾಗೇ ಬಿಟ್ಟರೆ ಮುಂದಿನ ನಕಲಿನಲ್ಲಿ ಅದರ ಎದುರು ಗ್ವಾನಿನ್ ಬದಲು ಅಡೆನಿನ್ ಕೂರುತ್ತದೆ, ಮ್ಯುಟೇಶನ್ ಖಾಯಂ ಆಗುತ್ತದೆ. ಯುಡಿಜಿ ಆ ಯುರಾಸಿಲ್ಲನ್ನು ಎಳೆಯಿಂದ ಹೊರಕ್ಕೆ ತಿರುಗಿಸಿ ಕತ್ತರಿಸಿ ತೆಗೆಯುತ್ತದೆ. ಖಾಲಿಯಾದ ಜಾಗವನ್ನು ಬೇರೆ ಕಿಣ್ವಗಳು ಕತ್ತರಿಸಿ ತುಂಬಿ ಬೆಸೆಯುತ್ತವೆ. ಈ ಕಿಣ್ವವನ್ನು 1974ರಲ್ಲಿ ಮೊದಲು ತೋರಿಸಿದವರು ಟೊಮಾಸ್ ಲಿಂಡಾಲ್; ಡಿಎನ್‌ಎ ದುರಸ್ತಿಯ ಕೆಲಸಕ್ಕೆ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. "ಯುಡಿಜಿಯ ರಚನೆ ಅಧ್ಯಯನ" ಎಂಬುದು ಪ್ರಶ್ನೆಯಲ್ಲ. "ಯುರಾಸಿಲ್ಲಿಗೂ ಥೈಮಿನ್‌ಗೂ ಇರುವ ವ್ಯತ್ಯಾಸ ಒಂದು ಮೀಥೈಲ್ ಗುಂಪು ಮಾತ್ರ, ಹಾಗಿದ್ದೂ ಇದು ಥೈಮಿನ್‌ಗೆ ಕೈ ಹಚ್ಚುವುದಿಲ್ಲವೇಕೆ?" ಎಂಬುದು ಪ್ರಶ್ನೆ. ಮುಂದಿನದೆಲ್ಲ ಇದರ ಸುತ್ತ.

ಮೊದಲು ಕಂಪ್ಯೂಟರ್

ಈ ಭಾಗಕ್ಕೆ ಲ್ಯಾಬ್ ಬೇಡ. ಮಂಡ್ಯದ ಮನೆಯಲ್ಲಿ ಕೂತೂ ಮಾಡಬಹುದು. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಅಣುಗಳ ಆಕಾರ ತೋರಿಸುವ ಕೈಮೆರಾ-ಎಕ್ಸ್ ತಂತ್ರಾಂಶ, ಇಂಟರ್‌ನೆಟ್ ಇದ್ದರಾಯಿತು. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಮೂರು ರಚನೆ ಇಳಿಸಿಕೊಳ್ಳಿ. ಡಿಎನ್‌ಎ ಇಲ್ಲದ ಮಾನವ ಯುಡಿಜಿ, ಸಂಕೇತ 1ಎಕೆಝಡ್, ರೆಸಲ್ಯೂಶನ್ 1.57 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು; ಅಂಕಿ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ). ಡಿಎನ್‌ಎ ಹಿಡಿದುಕೊಂಡಿರುವುದು, 1ಎಸ್‌ಎಸ್‌ಪಿ. ಮೂರನೆಯದು 1ಎಎಕ್ಸ್‌ಸಿ, ಡಿಎನ್‌ಎ ನಕಲಾಗುವಾಗ ಪಾಲಿಮರೇಸನ್ನು ಎಳೆಗೆ ಹಿಡಿದಿಡುವ ಉಂಗುರ ಪಿಸಿಎನ್‌ಎ. ಅದಕ್ಕೆ ಪಿ21 ಪ್ರೋಟೀನಿನ ತುಣುಕು ಅಂಟಿದೆ. ಮೂರನೆಯದನ್ನು ಸದ್ಯಕ್ಕೆ ಬದಿಗಿಡಿ.

ಮೊದಲ ಎರಡನ್ನು ಒಂದರ ಮೇಲೊಂದು ಕೂರಿಸಿ. ಡಿಎನ್‌ಎ ಸುಮಾರು 45 ಡಿಗ್ರಿ ಬಾಗಿರುವುದು, ಪ್ರೋಟೀನ್ ಸ್ವಲ್ಪ ಮುಚ್ಚಿಕೊಂಡಿರುವುದು ಕಾಣುತ್ತದೆ. ಈಗ ಕಿರಿ ತೋಡಿನ ಕಡೆಯಿಂದ ನೋಡಿ. ಲ್ಯೂಸಿನ್ 272 (ಸರಪಳಿಯ 272ನೇ ಜಾಗದ ಅಮೈನೊ ಆಮ್ಲ) ಎಳೆಯೊಳಕ್ಕೆ ನುಗ್ಗಿ, ಹೊರಬಿದ್ದ ಬೇಸಿನ ಖಾಲಿ ಜಾಗದಲ್ಲಿ ನಿಂತಿದೆ. ಕತ್ತರಿಸಿದ ಯುರಾಸಿಲ್ ಒಳಗಿನ ಗುಳಿಯಲ್ಲೇ ಉಳಿದಿದೆ. ಅದರ ಒಂದು ಬದಿಗೆ ಆಸ್ಪರಾಜಿನ್ 204, ಹೈಡ್ರೋಜನ್ ಬಂಧಗಳಿಂದ ಯುರಾಸಿಲ್ಲನ್ನು ಗುರುತು ಹಿಡಿಯುವುದು ಅದೇ. ಇನ್ನೊಂದು ಬದಿಗೆ ಟೈರೋಸಿನ್ 147. ಯುರಾಸಿಲ್ಲಿನ ಐದನೇ ಕಾರ್ಬನ್‌ನಿಂದ ಟೈರೋಸಿನ್ ಉಂಗುರಕ್ಕಿರುವ ದೂರವನ್ನು ಅಳೆಯಿರಿ. ಅದೇ ಕಾರ್ಬನ್‌ನಿಂದ 1.5 ಆಂಗ್‌ಸ್ಟ್ರಾಮ್ ಹೊರಕ್ಕೆ ಒಂದು ಮೀಥೈಲ್ ಕಾರ್ಬನ್ ಇದೆ ಎಂದುಕೊಂಡು ಮತ್ತೆ ಅಳೆಯಿರಿ. ಅದಕ್ಕೆ ಜಾಗವೇ ಇಲ್ಲ. ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಸಿಕ್ಕಿತು. ಟೈರೋಸಿನ್ ತೆಗೆದು ಅಲನಿನ್ ಹಾಕಿದರೆ ಕಿಣ್ವ ಥೈಮಿನ್‌ಗೂ ಕೈ ಹಾಕುತ್ತದೆ; ಆಸ್ಪರಾಜಿನ್ 204ನ್ನು ಆಸ್ಪಾರ್ಟೇಟ್ ಮಾಡಿದರೆ ಸೈಟೋಸಿನ್ನನ್ನೂ ಕೀಳುತ್ತದೆ. 1996ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ.

ಇಲ್ಲೊಂದು ಗುಂಡಿಯಿದೆ, ಬೀಳದವರು ಕಡಿಮೆ. ಮಾನವ ಯುಡಿಜಿಗೆ ಎರಡು ರೂಪ. ಮೈಟೊಕಾಂಡ್ರಿಯಕ್ಕೆ ಹೋಗುವುದು 304 ಅಮೈನೊ ಆಮ್ಲ, ನ್ಯೂಕ್ಲಿಯಸ್ಸಿಗೆ ಹೋಗುವುದು 313. ಕೊನೆಯ 269 ಎರಡಕ್ಕೂ ಒಂದೇ, ಶುರುವಿನ ಬಾಲ ಮಾತ್ರ ಬೇರೆ. ಸ್ಫಟಿಕ ರಚನೆಗಳು ಮತ್ತು ಹಳೆಯ ಪ್ರಬಂಧಗಳು 304ರ ಎಣಿಕೆಯಲ್ಲಿವೆ. ಯೂನಿಪ್ರಾಟ್ (ಪ್ರೋಟೀನ್ ಅನುಕ್ರಮಗಳ ಭಂಡಾರ) ಮತ್ತು ಆಲ್ಫಾಫೋಲ್ಡ್ (ಅನುಕ್ರಮದಿಂದ ರಚನೆ ಊಹಿಸುವ ಎಐ) 313ರ ಎಣಿಕೆಯಲ್ಲಿವೆ. ಹಾಗಾಗಿ ಪ್ರಬಂಧದ ಟೈರೋಸಿನ್ 147 ಯೂನಿಪ್ರಾಟಿನಲ್ಲಿ 156. ಕತ್ತರಿಸುವ ಕೆಲಸಕ್ಕೆ ಬೇಕಾದ ಆಸ್ಪಾರ್ಟೇಟ್ 145 ಅಲ್ಲಿ 154. ಒಂಬತ್ತರ ಈ ವ್ಯತ್ಯಾಸ ಗಮನಿಸದೆ ಪ್ರೈಮರ್ (ಮ್ಯುಟೇಶನ್ ತರಲು ಬಳಸುವ ಚಿಕ್ಕ ಡಿಎನ್‌ಎ ಎಳೆ) ಆರ್ಡರ್ ಮಾಡಿದರೆ ಸಂಬಂಧವೇ ಇಲ್ಲದ ಅಮೈನೊ ಆಮ್ಲ ಬದಲಾಗುತ್ತದೆ, ಸೀಕ್ವೆನ್ಸಿಂಗ್ ವರದಿ "ಎಲ್ಲಾ ಸರಿ" ಎನ್ನುತ್ತದೆ. ಇ. ಕೋಲಿಯ ಕಿಣ್ವದಲ್ಲಿ ಎಣಿಕೆಯೇ ಬೇರೆ: ಅದೇ ಟೈರೋಸಿನ್ 66, ಆಸ್ಪರಾಜಿನ್ 123, ಲ್ಯೂಸಿನ್ 191. ಪ್ರೈಮರ್ ವಿನ್ಯಾಸಕ್ಕೆ ಮುನ್ನ ಮೂರೂ ಎಣಿಕೆಗಳ ಒಂದು ಕೋಷ್ಟಕ ಮಾಡಿ ಬೆಂಚಿನ ಎದುರಿನ ಗೋಡೆಗೆ ಅಂಟಿಸಿ.

ಆಲ್ಫಾಫೋಲ್ಡ್ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಯುಡಿಜಿಯ ಗಟ್ಟಿ ಭಾಗವನ್ನು ಅದು ಚೆನ್ನಾಗಿಯೇ ಊಹಿಸುತ್ತದೆ. ಆದರೆ ಶುರುವಿನ ಸುಮಾರು 80 ಅಮೈನೊ ಆಮ್ಲಗಳನ್ನು ಕಡಿಮೆ ಭರವಸೆಯ ಬಣ್ಣದಲ್ಲಿ ಗಾಳಿಯಲ್ಲಿ ಬಿಡಿಸಿ ತೋರಿಸುತ್ತದೆ. ಆ ದಾರ ಅಲ್ಲಿ ಹಾಗೆಯೇ ಇದೆ ಎಂದಲ್ಲ, ಅದಕ್ಕೊಂದು ಸ್ಥಿರ ಆಕಾರವೇ ಇಲ್ಲ ಎಂದರ್ಥ. ಮ್ಯುಟೇಶನ್ ಮಾಡಿದರೆ ಚಟುವಟಿಕೆ ಎಷ್ಟು ಕುಗ್ಗುತ್ತದೆ ಎಂಬುದನ್ನಂತೂ ಯಾವ ಊಹೆಯೂ ಹೇಳದು, ಜೆಲ್ ಹೇಳಬೇಕು.

ಬ್ಯಾಕ್ಟೀರಿಯಾದಲ್ಲಿ ಬೆಳೆಸುವುದು

82ರಿಂದ 304ರವರೆಗಿನ ಭಾಗವನ್ನು, ಇ. ಕೋಲಿಗೆ ಹೊಂದುವ ಕೋಡಾನ್‌ಗಳಲ್ಲಿ ಬರೆಸಿ, ಪಿಇಟಿ-28 ವೆಕ್ಟರಿನಲ್ಲಿ (ಜೀನನ್ನು ಬ್ಯಾಕ್ಟೀರಿಯಾಕ್ಕೆ ಒಯ್ಯುವ ಉಂಗುರ ಡಿಎನ್‌ಎ) ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಟ್ಯಾಗ್ ಸಮೇತ ಹಾಕಿಸಿ. ಟ್ಯಾಗ್ ಕತ್ತರಿಸಲು ಟಿಇವಿ ಪ್ರೋಟಿಯೇಸ್ ಜಾಗವೂ ಇರಲಿ. ಬಿಎಲ್21-ಡಿಇ3 ಕೋಶಗಳಿಗೆ ಸೇರಿಸಿ, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಕೆನಮೈಸಿನ್ ಇರುವ ಎಲ್‌ಬಿ ಪೋಷಕ ದ್ರಾವಣದಲ್ಲಿ ಬೆಳೆಸಿ. 2 ಲೀಟರ್ ಫ್ಲಾಸ್ಕಿಗೆ ಅರ್ಧ ಲೀಟರ್ ಮೀರಬೇಡಿ. ಗಾಳಿ ಸಾಲದಿದ್ದರೆ ಕೋಶಗಳೂ ಸಾಲವು. 37 ಡಿಗ್ರಿಯಲ್ಲಿ ಕಲ್ಚರಿನ ಮಬ್ಬಿನ ಅಳತೆ (ಓ.ಡಿ.) 0.6 ಮುಟ್ಟಿದಾಗ ಫ್ಲಾಸ್ಕನ್ನು ಐಸ್‌ನಲ್ಲಿಟ್ಟು ತಣಿಸಿ, ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಐಪಿಟಿಜಿಯನ್ನು 0.3 ಮಿಲಿಮೋಲಾರ್ ಕೊಟ್ಟು, 18 ಡಿಗ್ರಿಯಲ್ಲಿ 16 ಗಂಟೆ ಬಿಡಿ. ಏಪ್ರಿಲ್‌ನ ಮಧ್ಯಾಹ್ನ ಮೈಸೂರಿನಲ್ಲಿ ಹೊರಗೆ 35 ಡಿಗ್ರಿ ಹತ್ತಿರ ಇರುವಾಗ ಹಳೆಯ ಶೇಕರ್ 18ಕ್ಕೆ ಇಳಿಯದೆ 24–25ರಲ್ಲೇ ನಿಲ್ಲುವುದುಂಟು. ಡಿಸ್‌ಪ್ಲೇ ನಂಬಬೇಡಿ, ನೀರು ತುಂಬಿದ ಫ್ಲಾಸ್ಕಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನೋಡಿ. ಕರೆಂಟು ಕೈಕೊಡುವ ಕಡೆ ಶೇಕರಿಗೆ ಯುಪಿಎಸ್ ಬೇಕೇ ಬೇಕು. ಶೇಕರ್ ನಿಂತು ಗಂಟೆಗಟ್ಟಲೆ ಗಾಳಿಯಿಲ್ಲದೆ ಕೂತ ಕಲ್ಚರನ್ನು ಮುಲಾಜಿಲ್ಲದೆ ಚೆಲ್ಲಿ ಹೊಸದಾಗಿ ಹಾಕಿ.

ಬೇಡದ ಡಿಎನ್‌ಎಯ ಕಾಟ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವ, ಹೆಚ್ಚು ಪ್ರಾಜೆಕ್ಟ್‌ಗಳನ್ನು ಮಣ್ಣುಪಾಲು ಮಾಡುವ ಹಂತ ಇದು. ಡಿಎನ್‌ಎಗೆ ಅಂಟುವ ಪ್ರೋಟೀನ್ ನೀವು ಕೊಡುವ ಡಿಎನ್‌ಎಗಾಗಿ ಕಾಯುವುದಿಲ್ಲ. ಕೋಶ ಒಡೆದ ಕ್ಷಣವೇ ಬ್ಯಾಕ್ಟೀರಿಯಾದ ಡಿಎನ್‌ಎ, ಆರ್‌ಎನ್‌ಎ ಎರಡನ್ನೂ ಹಿಡಿದುಕೊಂಡು ಕಾಲಮ್ಮಿಗೆ ಬರುತ್ತದೆ. ಎಸ್‌ಡಿಎಸ್ ಜೆಲ್‌ನಲ್ಲಿ ಒಂದೇ ಚೊಕ್ಕ ಪಟ್ಟಿ ಕಂಡು ಶುದ್ಧವಾಯಿತು ಎಂದು ಹಿಗ್ಗುತ್ತೇವೆ. ಕೂಮಾಸಿ ಬಣ್ಣ ಡಿಎನ್‌ಎಯನ್ನು ತೋರಿಸುವುದೇ ಇಲ್ಲ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಕೋಶ ಒಡೆಯುವ ಬಫರ್: ಟ್ರಿಸ್ 50 ಮಿಲಿಮೋಲಾರ್, ಪಿಎಚ್ 8.0, ಸೋಡಿಯಂ ಕ್ಲೋರೈಡ್ 1 ಮೋಲಾರ್, ಇಮಿಡಜೋಲ್ 10 ಮಿಲಿಮೋಲಾರ್, ಗ್ಲಿಸರಾಲ್ ಶೇ 5, ಬೀಟಾ ಮರ್‌ಕ್ಯಾಪ್ಟೊಎಥನಾಲ್ 5 ಮಿಲಿಮೋಲಾರ್. ಪ್ರೋಟಿಯೇಸ್‌ಗಳನ್ನು ತಡೆಯುವ ಪಿಎಂಎಸ್‌ಎಫ್ 1 ಮಿಲಿಮೋಲಾರ್ ಆಗುವಷ್ಟನ್ನು ಸೋನಿಕೇಟ್ ಮಾಡುವ ಮುನ್ನವಷ್ಟೇ ಹಾಕಿ. ಪಿಎಚ್ 8ರ ನೀರಿನಲ್ಲಿ ಅದು ಗಂಟೆಯೊಳಗೆ ಬಹುಪಾಲು ಸತ್ತುಹೋಗುತ್ತದೆ, ಹಿಂದಿನ ದಿನ ಹಾಕಿಟ್ಟ ಬಫರಿನಲ್ಲಿ ಅದು ಲೆಕ್ಕಕ್ಕಿಲ್ಲ. ಈ ಬಫರಿಗೆ ಲೋಹ ಹಿಡಿದುಕೊಳ್ಳುವ ಇಡಿಟಿಎ ಹಾಕಿದರೆ ಮುಂದಿನ ಹಂತದಲ್ಲಿ ನಿಕಲ್ ಕಿತ್ತುಹೋಗಿ ನೀಲಿ-ಹಸಿರು ರೆಸಿನ್ ಬೆಳ್ಳಗಾಗುತ್ತದೆ. ಡಿಟಿಟಿ ಹೆಚ್ಚಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸೋನಿಕೇಶನ್ ಐಸ್ ಮೇಲೆ, 10 ಸೆಕೆಂಡು ಓಡಿಸಿ 20 ಸೆಕೆಂಡು ನಿಲ್ಲಿಸಿ, ಒಟ್ಟು ಐದು ನಿಮಿಷ. ಪಿಪೆಟ್‌ನಿಂದ ಹನಿ ಬಿಟ್ಟಾಗ ನೂಲು ಎಳೆಯದೆ ಹನಿಹನಿಯಾಗಿ ಬಿದ್ದರೆ ಸಾಕಷ್ಟು ಆಗಿದೆ. ನೊರೆ ಬಂದರೆ ತುದಿ ಮೇಲಿದೆ ಎಂದರ್ಥ, ತಕ್ಷಣ ನಿಲ್ಲಿಸಿ.

ಈ ಹಂತದಲ್ಲಿ ಡಿಎನ್‌ಎಯೇಸ್ ಹಾಕಿ ಜಿಗುಟು ಕಡಿಮೆ ಮಾಡುವುದು ಎಲ್ಲ ಲ್ಯಾಬಿನ ರೂಢಿ. ಇಲ್ಲಿ ಬೇಡ. ಮುಂದೆ ಅದೇ ಪ್ರೋಟೀನಿಗೆ ದುಬಾರಿ ಡಿಎನ್‌ಎ ತುಣುಕು ಬೆರೆಸಿ ವಾರಗಟ್ಟಲೆ ಇಡುವವರು ನೀವು. ಕಾಲಮ್ ದಾಟಿ ಉಳಿದ ಚೂರು ಡಿಎನ್‌ಎಯೇಸ್ ಸಾಕು, ಸ್ಫಟಿಕದ ಹನಿಯೊಳಗೆ ಡಿಎನ್‌ಎ ತುಂಡುತುಂಡಾಗಲು. ಬದಲಿಗೆ ಧನ ಆವೇಶದ ಪಾಲಿಮರ್ ಆದ ಪಾಲಿಎಥಿಲೀನ್‌ಇಮೀನ್ ಬಳಸಿ. ಪಿಎಚ್ 8ಕ್ಕೆ ತಂದ ಶೇ 5ರ ದ್ರಾವಣವನ್ನು, 1 ಮೋಲಾರ್ ಉಪ್ಪು ಇರುವ ಕೋಶರಸಕ್ಕೆ ಐಸ್ ಮೇಲೆ ಕಲಕುತ್ತ ಹನಿಹನಿಯಾಗಿ, ಒಟ್ಟು ಶೇ 0.1 ಆಗುವವರೆಗೆ ಹಾಕಿ. ಒಡೆದ ಹಾಲಿನ ಹಾಗೆ ಬಿಳಿ ಗರಣೆ ಕಟ್ಟುತ್ತದೆ. ಅದರಲ್ಲಿರುವುದು ನ್ಯೂಕ್ಲಿಯಿಕ್ ಆಮ್ಲ. ಉಪ್ಪು ಕಡಿಮೆಯಿದ್ದರೆ ಡಿಎನ್‌ಎ ಬಿಡದ ನಿಮ್ಮ ಪ್ರೋಟೀನೂ ಅದರ ಜೊತೆ ಕೆಳಕ್ಕೆ ಹೋಗುತ್ತದೆ, ಆದ್ದರಿಂದ 1 ಮೋಲಾರ್‌ನಲ್ಲಿ ರಾಜಿ ಇಲ್ಲ. 4 ಡಿಗ್ರಿಯಲ್ಲಿ 15,000 ಜಿಯಲ್ಲಿ 30 ನಿಮಿಷ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ.

ನಿಕಲ್ ರೆಸಿನ್ ಒಂದು ಲೀಟರ್ ಕಲ್ಚರಿಗೆ 1–2 ಮಿಲಿಲೀಟರ್ ಸಾಕು. ಹೆಚ್ಚು ಹಾಕಿದರೆ ಖಾಲಿ ಜಾಗದಲ್ಲಿ ಬೇಡದ ಪ್ರೋಟೀನ್‌ಗಳು ಕೂರುತ್ತವೆ. 1 ಮೋಲಾರ್ ಉಪ್ಪಿನ ಬಫರಿನಿಂದ ರೆಸಿನ್ ಗಾತ್ರದ 20 ಪಟ್ಟು ತೊಳೆಯಿರಿ, ಆಮೇಲೆ 25 ಮಿಲಿಮೋಲಾರ್ ಇಮಿಡಜೋಲ್‌ನಿಂದ ಇನ್ನೊಮ್ಮೆ, ಕೊನೆಗೆ 250ರಿಂದ ಇಳಿಸಿ. ಟ್ಯಾಗ್ ಕತ್ತರಿಸಿ. ಉಪ್ಪನ್ನು 100 ಮಿಲಿಮೋಲಾರ್‌ಗೆ ತಂದು, ಡಿಎನ್‌ಎಯ ಹಾಗೆ ಋಣ ಆವೇಶವಿರುವ ಹೆಪಾರಿನ್ ಕಾಲಮ್ಮಿಗೆ ಹಾಕಿ, 1 ಮೋಲಾರ್‌ವರೆಗೆ ಏರಿಸುತ್ತ ಹೊರತೆಗೆಯಿರಿ. ಉಪ್ಪನ್ನು ಒಮ್ಮೆಲೇ ಇಳಿಸಿದರೆ ಬರಿಯ ಪ್ರೋಟೀನ್ ಮಸುಕಾಗಿ ಕೆಳಗೆ ಕೂರುವ ಅಪಾಯವಿದೆ. ಡಯಾಲಿಸಿಸ್ ಎರಡು ಹಂತದಲ್ಲಿ ಆಗಲಿ. ಕೊನೆಗೆ ಗಾತ್ರದ ಮೇಲೆ ಬೇರ್ಪಡಿಸುವ ಸೂಪರ್‌ಡೆಕ್ಸ್ 75 ಕಾಲಮ್ (ಜೆಲ್ ಫಿಲ್ಟ್ರೇಶನ್).

ಪ್ರತಿ ಹಂತದಲ್ಲೂ 260 ನ್ಯಾನೋಮೀಟರ್ (ಡಿಎನ್‌ಎ ಹೆಚ್ಚು ಹೀರುವ ಬೆಳಕು) ಮತ್ತು 280 ನ್ಯಾನೋಮೀಟರ್ (ಪ್ರೋಟೀನ್ ಹೀರುವುದು) ಎರಡರಲ್ಲೂ ಬೆಳಕಿನ ಹೀರಿಕೆ ಅಳೆದು 260/280 ಅನುಪಾತ ಬರೆದಿಡಿ. ಶುದ್ಧ ಪ್ರೋಟೀನಿಗೆ 0.6ರ ಆಸುಪಾಸು. 0.7 ದಾಟಿದರೆ ಅನುಮಾನ, 1 ದಾಟಿದರೆ ಹೆಪಾರಿನ್ ಹಂತಕ್ಕೆ ವಾಪಸ್. ಅನುಪಾತ ಕೆಟ್ಟಿರುವಾಗ 280ರಿಂದ ಲೆಕ್ಕ ಹಾಕಿದ ಸಾಂದ್ರತೆಯೂ ಸುಳ್ಳು. 10 ಮಿಲಿಗ್ರಾಂ ಎಂದುಕೊಂಡು ಸ್ಫಟಿಕಕ್ಕೆ ಇಟ್ಟದ್ದು ನಿಜಕ್ಕೆ 4 ಮಿಲಿಗ್ರಾಂ ಆಗಿರಬಹುದು, ತಿಂಗಳಾದರೂ ಹನಿಗಳು ತಿಳಿಯಾಗಿಯೇ ಉಳಿಯುತ್ತವೆ.

ಎರಡನೇ ಕಾಟ ಕಣ್ಣಿಗೂ ಕಾಣದು. ಇ. ಕೋಲಿಗೆ ತನ್ನದೇ ಯುಡಿಜಿ ಇದೆ, 229 ಅಮೈನೊ ಆಮ್ಲ. ಜೆಲ್‌ನಲ್ಲಿ ನಿಮ್ಮ ಪ್ರೋಟೀನಿನ ಪಟ್ಟಿಯ ಜೊತೆಗೇ ಓಡುತ್ತದೆ. ಮ್ಯುಟೇಶನ್ ಮಾಡಿ ಸತ್ತಂತಾದ ಕಿಣ್ವದಲ್ಲಿ ಸಾವಿರದಲ್ಲಿ ಒಂದು ಪಾಲು ಬ್ಯಾಕ್ಟೀರಿಯಾದ ಕಿಣ್ವ ಬೆರೆತಿದ್ದರೂ "ಸ್ವಲ್ಪ ಚಟುವಟಿಕೆ ಉಳಿದಿದೆ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಮ್ಯುಟೆಂಟ್‌ಗಳನ್ನು ಹೋಲಿಸುವ ಯೋಚನೆ ಇದ್ದರೆ ಯುಎನ್‌ಜಿ ಜೀನ್ (ಬ್ಯಾಕ್ಟೀರಿಯಾದ ಸ್ವಂತ ಯುಡಿಜಿಯ ಜೀನ್) ಕೆಡಿಸಿದ ತಳಿಯಲ್ಲೇ ಬೆಳೆಸಿ.

ಜೀವ ಇದೆಯೇ ನೋಡಿ

ಸ್ಫಟಿಕಕ್ಕೆ ಮುನ್ನ ಇದು ಕಡ್ಡಾಯ. 25–30 ಬೇಸ್ ಉದ್ದದ, ನಡುವೆ ಒಂದು ಯುರಾಸಿಲ್ ಇರುವ, 5′ ತುದಿಗೆ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣ ಹಚ್ಚಿದ ಒಲಿಗೊ (ಯಂತ್ರದಲ್ಲಿ ತಯಾರಿಸಿದ ಚಿಕ್ಕ ಡಿಎನ್‌ಎ ಎಳೆ) ತರಿಸಿ. ಅದೇ ಜಾಗದಲ್ಲಿ ಥೈಮಿನ್ ಇರುವ ಇನ್ನೊಂದೂ ಬೇಕು. ಒಣಗಿಸಿದ ಒಲಿಗೊ ಬೆಂಗಳೂರಿನಿಂದ ಸಾಮಾನ್ಯ ಕೊರಿಯರಿನಲ್ಲಿ ಬಂದರೂ ತೊಂದರೆಯಿಲ್ಲ. ಐಸ್‌ನಲ್ಲಿ ಬರಬೇಕಾದ ಕಿಣ್ವಗಳನ್ನು ಮಾತ್ರ ಶುಕ್ರವಾರ ಕಳಿಸಬೇಡಿ ಎಂದು ಮೊದಲೇ ಹೇಳಿ. ದಸರಾ ವಾರದಲ್ಲಂತೂ ತರಿಸಲೇಬೇಡಿ.

ಬಫರ್: ಟ್ರಿಸ್ 20 ಮಿಲಿಮೋಲಾರ್ ಪಿಎಚ್ 8.0, ಇಡಿಟಿಎ 1, ಡಿಟಿಟಿ 1 ಮಿಲಿಮೋಲಾರ್, ಬಿಎಸ್‌ಎ ಮಿಲಿಲೀಟರಿಗೆ 0.1 ಮಿಲಿಗ್ರಾಂ. ಯುಡಿಜಿಗೆ ಲೋಹ ಬೇಡವಾದ್ದರಿಂದ ಇಡಿಟಿಎ ಧೈರ್ಯವಾಗಿ ಹಾಕಬಹುದು. ಮೆಗ್ನೀಸಿಯಂ ಬೇಡುವ, ಡಿಎನ್‌ಎ ಕಡಿಯುವ ನ್ಯೂಕ್ಲಿಯೇಸ್‌ಗಳು ಅಷ್ಟರಲ್ಲೇ ಅಡಗುತ್ತವೆ. ಬಿಎಸ್‌ಎ ಇರದಿದ್ದರೆ ನ್ಯಾನೋಮೋಲಾರ್ ಮಟ್ಟದ ಕಿಣ್ವ ಟ್ಯೂಬಿನ ಗೋಡೆಗೇ ಅಂಟಿ ಮಾಯವಾಗುತ್ತದೆ. ಒಲಿಗೊ 100 ನ್ಯಾನೋಮೋಲಾರ್, ಕಿಣ್ವ 0.1ರಿಂದ 1 ನ್ಯಾನೋಮೋಲಾರ್, 37 ಡಿಗ್ರಿ. ಅರ್ಧ, 1, 2, 5, 10 ನಿಮಿಷಕ್ಕೆ ಒಂದೊಂದು ಪಾಲು ತೆಗೆಯಿರಿ. ಕಿಣ್ವ ಬೇಸನ್ನು ಮಾತ್ರ ಕೀಳುತ್ತದೆ, ಎಳೆ ಕತ್ತರಿಸುವುದಿಲ್ಲ. ಹಾಗಾಗಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೆ ಬೇಸ್ ಇಲ್ಲದ ಜಾಗದಲ್ಲಿ ಎಳೆ ಮುರಿಯುತ್ತದೆ. 7 ಮೋಲಾರ್ ಯೂರಿಯಾ ಇರುವ ಶೇ 18ರ ಜೆಲ್‌ನಲ್ಲಿ ಓಡಿಸಿ.

ಎಲ್ಲಾ ಹೊತ್ತಿನಲ್ಲೂ ಪೂರ್ತಿ ಕತ್ತರಿಸಿದಂತೆ ಕಂಡರೆ ಖುಷಿಪಡಬೇಡಿ, ಕಿಣ್ವ ಹೆಚ್ಚಾಗಿದೆ; ಇನ್ನೂ ನೂರು ಪಟ್ಟು ತೆಳುಮಾಡಿ. ಕಿಣ್ವ ಹಾಕದ ಟ್ಯೂಬಿನಲ್ಲೂ ಮುರಿದಿದ್ದರೆ ಒಲಿಗೊ ಹಾಳಾಗಿದೆ. ಥೈಮಿನ್ ಒಲಿಗೊ ಮುರಿದರೆ ನ್ಯೂಕ್ಲಿಯೇಸ್ ಬೆರೆತಿದೆ.

ಸ್ಫಟಿಕ: ಮೊದಲು ಡಿಎನ್‌ಎ ಬೇಡ, ಯುಜಿಐ ಸಾಕು

ಬ್ಯಾಸಿಲಸ್ ಬ್ಯಾಕ್ಟೀರಿಯಾಕ್ಕೆ ತಗಲುವ ಪಿಬಿಎಸ್2 ಎಂಬ ವೈರಸ್ ತನ್ನ ಡಿಎನ್‌ಎಯಲ್ಲಿ ಥೈಮಿನ್ ಬದಲು ಯುರಾಸಿಲ್ಲನ್ನೇ ಇಟ್ಟುಕೊಂಡಿದೆ. ಆತಿಥೇಯ ಕೋಶದ ಯುಡಿಜಿಯಿಂದ ಉಳಿಯಲು ಅದು ತಯಾರಿಸುವ 84 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಯುಜಿಐ. ಋಣ ಆವೇಶ ತುಂಬಿದ ಇದು ಡಿಎನ್‌ಎಯ ವೇಷದಲ್ಲಿ ಯುಡಿಜಿಯ ಬಾಯಿಗೆ ಬಿಗಿಯಾಗಿ ಕೂರುತ್ತದೆ; 8 ಮೋಲಾರ್ ಯೂರಿಯಾದಲ್ಲೂ ಜೋಡಿ ಬಿಡುವುದಿಲ್ಲ. ಸಣ್ಣ ಲ್ಯಾಬಿಗೆ ಹೇಳಿ ಮಾಡಿಸಿದ ಮೊದಲ ಗುರಿ ಇದು. ಎರಡೂ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಸಬಹುದು, ಒಲಿಗೊ ಖರ್ಚಿಲ್ಲ, ಅಂಟಿಕೊಂಡ ಡಿಎನ್‌ಎಯನ್ನು ಯುಜಿಐ ತಾನೇ ಹೊರಹಾಕುತ್ತದೆ. ಇ. ಕೋಲಿ ಯುಡಿಜಿ–ಯುಜಿಐ ಜೋಡಿಯ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಮತ್ತು ಎಂ. ವಿಜಯನ್ ಅವರ ತಂಡಗಳು 1998ರಲ್ಲೇ ಪ್ರಕಟಿಸಿದ್ದವು, ಹತ್ತು ವರ್ಷದ ನಂತರ ಕ್ಷಯದ ಬ್ಯಾಕ್ಟೀರಿಯಾದ್ದನ್ನೂ. ಅಳತೆ ಹಾಕಿ ನೋಡಲು ಹತ್ತಿರದ ಕೆಲಸವೇ ಇದೆ.

24 ಗುಳಿಯ ತಟ್ಟೆ, ಪ್ರತಿ ಗುಳಿಗೆ 500 ಮೈಕ್ರೋಲೀಟರ್ ದ್ರಾವಣ; ಸಿಲಿಕೋನ್ ಲೇಪಿಸಿದ ಕವರ್‌ಸ್ಲಿಪ್ ಮೇಲೆ 1 ಮೈಕ್ರೋಲೀಟರ್ ಪ್ರೋಟೀನ್, 1 ಮೈಕ್ರೋಲೀಟರ್ ದ್ರಾವಣ; ತಿರುಗಿಸಿ ಗ್ರೀಸ್ ಮೇಲೆ ಒತ್ತಿ. ಪ್ರೋಟೀನ್ ಮಿಲಿಲೀಟರಿಗೆ 10 ಮಿಲಿಗ್ರಾಂ. ಗುಳಿಯ ದ್ರಾವಣದಲ್ಲಿ ನೀರು ಎಳೆದುಕೊಳ್ಳುವ ಪಾಲಿಮರ್ ಪಿಇಜಿ 3350 ಅಥವಾ 4000, ಶೇ 10ರಿಂದ 25, ಪಿಎಚ್ 5.5ರಿಂದ 8. ಮಾರ್ಚ್‌ನ ಒಣ ಗಾಳಿಯಲ್ಲಿ, ಫ್ಯಾನ್ ಕೆಳಗೆ, 2 ಮೈಕ್ರೋಲೀಟರ್ ಹನಿ ನೋಡನೋಡುತ್ತಲೇ ಕುಗ್ಗುತ್ತದೆ. ಆರು ಸ್ಲಿಪ್ ಒಟ್ಟಿಗೆ ಹರಡಿಕೊಳ್ಳದೆ ಒಂದೊಂದನ್ನೇ ಮಾಡಿ ಮುಚ್ಚಿ, ಫ್ಯಾನ್ ಆರಿಸಿ. ಇನ್‌ಕ್ಯುಬೇಟರ್ 20 ಡಿಗ್ರಿಯಲ್ಲಿರಲಿ, ತಟ್ಟೆಗಳು ಅದರೊಳಗೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿರಲಿ. ಎರಡು ಗಂಟೆ ಕರೆಂಟ್ ಹೋದರೂ ಒಳಗಿನ ತಾಪ ಹೆಚ್ಚು ಆಡುವುದಿಲ್ಲ. ತಾಪ ಏರಿಳಿದರೆ ಸ್ಲಿಪ್ಪಿನ ಒಳಮೈಗೆ ಬೆವರು ಕಟ್ಟಿ ಹನಿಗೆ ಸೇರುತ್ತದೆ, ಕಟ್ಟಿದ ಸ್ಫಟಿಕ ಕರಗುತ್ತದೆ.

ಮೊದಲ ವಾರ ದಿನ ಬಿಟ್ಟು ದಿನ ನೋಡಿ, ಆಮೇಲೆ ವಾರಕ್ಕೊಮ್ಮೆ. ಮುಕ್ಕಾಲು ಹನಿಗಳು ತಿಳಿಯಾಗಿಯೇ ಇದ್ದರೆ ಪ್ರೋಟೀನ್ ಹೆಚ್ಚಿಸಿ. ಮುಕ್ಕಾಲು ಹನಿಗಳು ಕ್ಷಣದಲ್ಲೇ ಕಂದು ಗಸಿಯಾದರೆ ಅರ್ಧಕ್ಕಿಳಿಸಿ. ಚೂಪಾದ ಅಂಚಿನ ದೊಡ್ಡ ಹರಳು ಮರುದಿನವೇ ಬಂದರೆ ಸಂಭ್ರಮಕ್ಕೆ ಮುನ್ನ ಸೂಜಿಯಿಂದ ಚುಚ್ಚಿ. ಟಕ್ಕೆಂದು ಸೀಳಿದರೆ ಉಪ್ಪು, ಸದ್ದಿಲ್ಲದೆ ಪುಡಿಯಾದರೆ ಪ್ರೋಟೀನ್. ಫಾಸ್ಫೇಟ್ ಬಫರ್ ಇರುವ ಗುಳಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿದ್ದರೆ ಉಪ್ಪಿನ ಹರಳು ಬಹುತೇಕ ಖಚಿತ. ಗಡಸು ಬೋರ್‌ವೆಲ್ ನೀರಿನ ಕಡೆ ಶುದ್ಧೀಕರಣ ಯಂತ್ರಕ್ಕೆ ಮುನ್ನ ಆರ್‌ಓ ಹಾಕದಿದ್ದರೆ ಕಾರ್ಟ್ರಿಡ್ಜ್ ಬೇಗ ಕಟ್ಟುತ್ತದೆ. ವಾಹಕತೆಯ ಮೀಟರ್ ನೋಡದೆ ನೀರು ಹಿಡಿಯಬೇಡಿ.

ಡಿಎನ್‌ಎ ಜೊತೆಗಿನ ಸ್ಫಟಿಕಕ್ಕೆ ಲೆಕ್ಕ ಮೊದಲು. ಮಿಲಿಲೀಟರಿಗೆ 10 ಮಿಲಿಗ್ರಾಂ, 25 ಕಿಲೋಡಾಲ್ಟನ್ ಎಂದರೆ 0.4 ಮಿಲಿಮೋಲಾರ್. 100 ಮೈಕ್ರೋಲೀಟರಿನಲ್ಲಿ 40 ನ್ಯಾನೋಮೋಲ್ ಪ್ರೋಟೀನ್, 1.2 ಪಟ್ಟು ಡಿಎನ್‌ಎ ಎಂದರೆ 48 ನ್ಯಾನೋಮೋಲ್ ಜೋಡಿ ಎಳೆ. ಒಲಿಗೊ ತಯಾರಕರ ಎಚ್‌ಪಿಎಲ್‌ಸಿ (ಕಾಲಮ್) ಶುದ್ಧೀಕರಣದಲ್ಲಿ ಬಹಳಷ್ಟು ನಷ್ಟವಾಗುವುದರಿಂದ ಸಣ್ಣ ಸ್ಕೇಲಿನ ಆರ್ಡರ್ ಸಾಲದು. 50 ಮಿಲಿಮೋಲಾರ್ ಉಪ್ಪಿನಲ್ಲಿ 95 ಡಿಗ್ರಿಗೆ ಕಾಯಿಸಿ ಬ್ಲಾಕ್ ಸಮೇತ ತಾನಾಗಿ ತಣಿಯಲು ಬಿಡಿ. ಉದ್ದವನ್ನು 10ರಿಂದ 16 ಬೇಸ್‌ವರೆಗೆ ಒಂದೊಂದಾಗಿ ಬದಲಿಸಿ ನೋಡಬೇಕು. ತುದಿಗಳು ಒಂದರ ಮೇಲೊಂದು ಕೂತು ಸ್ಫಟಿಕದುದ್ದಕ್ಕೂ ಸಾಲು ಕಟ್ಟುವುದರಿಂದ, ಪಿಇಜಿ ಬದಲಿಸಿದ್ದಕ್ಕಿಂತ ಒಂದು ಬೇಸ್ ಬದಲಿಸಿದ್ದೇ ಹೆಚ್ಚು ಫಲ ಕೊಡುವುದುಂಟು. ಸಾಮಾನ್ಯ ಯುರಾಸಿಲ್ ಹಾಕಿದರೆ ಕಿಣ್ವ ಅದನ್ನು ಹನಿಯಲ್ಲೇ ಕೀಳುತ್ತದೆ; 1ಎಸ್‌ಎಸ್‌ಪಿಯಲ್ಲಿ ಕಾಣುವುದೂ ಕೆಲಸ ಮುಗಿದ ಮೇಲಿನ ಚಿತ್ರವೇ. ಕೀಳುವ ಮುನ್ನಿನ ಸ್ಥಿತಿ ಬೇಕೆಂದರೆ ಆಸ್ಪಾರ್ಟೇಟ್ 145 ಬದಲಿಸಿದ ಕಿಣ್ವ ಅಥವಾ ಸ್ಯೂಡೋಯುರಿಡಿನ್‌ನಂಥ ಕತ್ತರಿಸಲಾಗದ ಬೇಸ್ ಬಳಸಬೇಕು. ಎಳೆಯ ಅನುಕ್ರಮ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಕೆಲವು ಅಣುಗಳು ತಲೆಕೆಳಗಾಗಿ ಕೂತು ನಕ್ಷೆ ಕಲಸಿಹೋಗುತ್ತದೆ.

ಎಕ್ಸ್-ರೇಗೆ ಕಳಿಸುವುದು, ನಕ್ಷೆ ಓದುವುದು

ಸ್ಫಟಿಕವನ್ನು ಶೇ 20–25 ಗ್ಲಿಸರಾಲ್ ಸೇರಿಸಿದ ಅದೇ ದ್ರಾವಣದಲ್ಲಿ ಅದ್ದಿ ದ್ರವ ಸಾರಜನಕದಲ್ಲಿ ಮುಳುಗಿಸಿ. ಹಳ್ಳಿಗಳಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ಬಳಸುವ ಬಗೆಯ ಕ್ಯಾನ್ ಶೇಖರಣೆಗೆ ಆದೀತು; ಮುಳುಗಿಸಲು ಮಾತ್ರ ಬಾಯಿ ಅಗಲದ ಪಾತ್ರೆ ಬೇಕು. ಚಿತ್ರದಲ್ಲಿ 3.9, 3.67, 3.44 ಆಂಗ್‌ಸ್ಟ್ರಾಮ್‌ಗಳಲ್ಲಿ ಉಂಗುರ ಕಂಡರೆ ಅದು ಮಂಜುಗಡ್ಡೆ, ಗ್ಲಿಸರಾಲ್ ಸಾಲದು. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಸ್ಫಟಿಕ ಅಧ್ಯಯನದ ಹಳೆಯ ಪರಂಪರೆಯಿದೆ. ಸ್ಫಟಿಕ ಆರಿಸುವುದು, ಲೂಪಿಗೆ ಎತ್ತುವುದು ಇವನ್ನು ಪುಸ್ತಕದಿಂದಲ್ಲ, ಅಂಥ ಕೈಗಳ ಪಕ್ಕ ನಿಂತು ಕಲಿಯಬೇಕು. ಪ್ರಬಲ ಎಕ್ಸ್-ರೇ ಕೊಡುವ ಸಿಂಕ್ರೋಟ್ರಾನ್ ಬೇಕೆಂದರೆ ಇಂದೋರಿನ ಇಂಡಸ್-2ರಲ್ಲಿ ಪ್ರೋಟೀನ್ ಸ್ಫಟಿಕಗಳಿಗೆಂದೇ ಬೀಮ್‌ಲೈನ್ ಇದೆ. ಬೆಂಗಳೂರಿನ ಕ್ರಯೊ-ಇಎಂ (ಹೆಪ್ಪುಗಟ್ಟಿಸಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸೌಲಭ್ಯ ನೋಡಿ ಆಸೆಪಡಬೇಡಿ, 25 ಕಿಲೋಡಾಲ್ಟನ್ ಪ್ರೋಟೀನ್ ಒಂಟಿಯಾಗಿ ಅದಕ್ಕೆ ತೀರಾ ಚಿಕ್ಕದು.

ಎಕ್ಸ್-ರೇ ಅಲೆಗಳ ಫೇಸ್ ಬಿಡಿಸಲು (ನಕ್ಷೆ ಕಟ್ಟಲು ಇದು ಬೇಕು, ನೇರವಾಗಿ ಅಳೆಯಲಾಗದು) ಫೇಸರ್ ತಂತ್ರಾಂಶಕ್ಕೆ 1ಎಕೆಝಡ್‌ನ ಪ್ರೋಟೀನ್ ಮಾತ್ರ ಕೊಡಿ. ಡಿಎನ್‌ಎ ಕೊಡಬೇಡಿ, ಹಳೆಯ ರಚನೆಯಿಂದ ನಕಲಿಸಿ ಅಂಟಿಸಲೂಬೇಡಿ. ಪ್ರೋಟೀನ್ ಸರಿಯಾಗಿ ಕೂತರೆ ವ್ಯತ್ಯಾಸದ ನಕ್ಷೆಯಲ್ಲಿ 3 ಸಿಗ್ಮಾ ಮಟ್ಟದಲ್ಲಿ ಡಿಎನ್‌ಎ ತಾನಾಗಿ ಮೂಡಬೇಕು. ಮೊದಲು ಕಾಣುವುದು ಫಾಸ್ಫೇಟ್‌ಗಳು, 6–7 ಆಂಗ್‌ಸ್ಟ್ರಾಮ್‌ಗೊಂದರಂತೆ ಉಬ್ಬು. ಅವಕ್ಕೆ ಎಳೆ ಹೊಂದಿಸಿ, ಆಮೇಲೆ ಬೇಸ್. ಇಲ್ಲಾಗುವ ದೊಡ್ಡ ಎಡವಟ್ಟೆಂದರೆ ಇಡೀ ಎಳೆಯನ್ನು ಒಂದು ಬೇಸ್ ಆಚೆ ಸರಿಸಿ ಕೂರಿಸುವುದು. 2.5 ಆಂಗ್‌ಸ್ಟ್ರಾಮ್‌ಗಿಂತ ಮಸುಕಾದ ನಕ್ಷೆಯಲ್ಲಿ ಅಡೆನಿನ್, ಗ್ವಾನಿನ್ ಬೇರೆ ಮಾಡಿ ಹೇಳುವುದು ಕಷ್ಟ. ಅನುಮಾನವಿದ್ದರೆ ಒಂದು ಥೈಮಿನ್ ಬದಲು ಬ್ರೋಮೋಯುರಾಸಿಲ್ ಇರುವ ಎಳೆಯಿಂದ ಇನ್ನೊಂದು ಸ್ಫಟಿಕ ಬೆಳೆಸಿ. ಬ್ರೋಮಿನ್ನಿನ ಶಿಖರ ಯಾವ ಜಾಗ ಯಾವುದೆಂದು ಹೇಳಿಬಿಡುತ್ತದೆ. ಆದರೆ ಕಿಣ್ವ ಕೀಳುವ ಜಾಗದಿಂದ ದೂರದ ಥೈಮಿನ್ ಆರಿಸಿ.

ಕೊನೆಗೆ, ಗುಳಿಯೊಳಗಿನ ಯುರಾಸಿಲ್ಲನ್ನು ಮಾದರಿಯಿಂದ ಅಳಿಸಿ ಮತ್ತೆ ರಿಫೈನ್ ಮಾಡಿ. ಆಗಲೂ ನಕ್ಷೆಯಲ್ಲಿ ಅದರ ಆಕಾರ ಬಂದರೆ ಮಾತ್ರ ಅದು ಅಲ್ಲಿದೆ. ಪ್ರೋಟೀನ್ ಬೆನ್ನೆಲುಬಿನ ಕೋನಗಳನ್ನು ಪರೀಕ್ಷಿಸುವ ರಾಮಚಂದ್ರನ್ ನಕ್ಷೆಯಲ್ಲಿ ಹೊರಗೆ ಬಿದ್ದ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಸಾಂದ್ರತೆಯ ಎದುರಿಟ್ಟು ನೋಡಿ. 1963ರಲ್ಲಿ ಮದರಾಸಿನಲ್ಲಿ ಹುಟ್ಟಿದ ಈ ಪರೀಕ್ಷೆಯಿಂದ ಈಗಲೂ ಯಾವ ರಚನೆಯೂ ತಪ್ಪಿಸಿಕೊಳ್ಳುವುದಿಲ್ಲ.

ಕತ್ತರಿಸಿ ಬಿಟ್ಟ ಬಾಲ

ಈಗ 1ಎಎಕ್ಸ್‌ಸಿ ತೆರೆಯಿರಿ. ಮೂರು ಪಿಸಿಎನ್‌ಎ ಸೇರಿ ಉಂಗುರ, ನಡುವಿನ ತೂತು ಸುಮಾರು 35 ಆಂಗ್‌ಸ್ಟ್ರಾಮ್. 20 ಆಂಗ್‌ಸ್ಟ್ರಾಮ್ ದಪ್ಪದ ಡಿಎನ್‌ಎ ಸಲೀಸಾಗಿ ಹಾಯುತ್ತದೆ. ಉಂಗುರದ ಹೊರಮೈ ಋಣ, ಒಳಮೈ ಧನ ಆವೇಶ; ಮೇಲ್ಮೈಗೆ ಆವೇಶದ ಬಣ್ಣ ಹಚ್ಚಿದರೆ ಎದ್ದು ಕಾಣುತ್ತದೆ. ಕೆಲವು ಪಿಸಿಎನ್‌ಎ ರಚನೆಗಳ ಫೈಲಿನಲ್ಲಿ ಒಂದೇ ಸರಪಳಿ ಇರುತ್ತದೆ. ಆಗ "ಜೈವಿಕ ಜೋಡಣೆ" ಆಯ್ಕೆಯಿಂದ ಉಂಗುರ ಪೂರ್ತಿ ಮಾಡಿಕೊಳ್ಳಬೇಕು, ಇಲ್ಲವಾದರೆ ಇದು ಅರೆವೃತ್ತದ ಪ್ರೋಟೀನ್ ಎಂದೇ ಭ್ರಮಿಸುತ್ತೀರಿ. ಪಿ21 ತುಣುಕಿನ ಗ್ಲುಟಮಿನ್ 144, ಮೆಥಿಯೋನಿನ್ 147, ಫಿನೈಲಲನಿನ್ 150, ಟೈರೋಸಿನ್ 151 ಉಂಗುರದ ಮೈಮೇಲಿನ ಗುಳಿಯಲ್ಲಿ ಕೂತಿವೆ. ನ್ಯೂಕ್ಲಿಯಸ್ಸಿನ ಯುಡಿಜಿಯ ಶುರುವನ್ನು ಅದರ ಪಕ್ಕ ಬರೆಯಿರಿ: ಗ್ಲುಟಮಿನ್ 4, ಲ್ಯೂಸಿನ್ 7, ಫಿನೈಲಲನಿನ್ 10 ಮತ್ತು 11. ಅದೇ ಅಂತರ, ಅದೇ ಬಗೆ. ಡಿಎನ್‌ಎ ನಕಲಾಗುವಾಗ ಥೈಮಿನ್ ಬದಲು ತಪ್ಪಿ ಸೇರಿದ ಯುರಾಸಿಲ್ಲನ್ನು ಅಲ್ಲೇ ಹೆಕ್ಕಲು ಯುಡಿಜಿ ಉಂಗುರಕ್ಕೆ ಗಂಟು ಬೀಳುವುದು ಈ ತುದಿಯಿಂದ. ಸ್ಫಟಿಕಕ್ಕಾಗಿ ನಾವು ಕತ್ತರಿಸಿ ಬಿಟ್ಟದ್ದೂ ಇದನ್ನೇ.

ಇಡೀ ಪ್ರೋಟೀನ್ ಬೆಳೆಸಲು ಹೋದರೆ ಆಕಾರವಿಲ್ಲದ ಬಾಲವನ್ನು ಬ್ಯಾಕ್ಟೀರಿಯಾದ ಪ್ರೋಟಿಯೇಸ್‌ಗಳು ಕಡಿಯುತ್ತವೆ. ಹಿಸ್ಟಿಡಿನ್ ಟ್ಯಾಗ್ ಅದೇ ತುದಿಗೆ ಹಾಕಿದರೆ ಅಂಟುವ ಜಾಗದ ಪಕ್ಕದಲ್ಲೇ ಬೇಡದ ಸರಕು ಕೂರುತ್ತದೆ. ಸುಮೊ ಎಂಬ ಪುಟ್ಟ ಪ್ರೋಟೀನನ್ನು ಟ್ಯಾಗ್ ಆಗಿ ಹಾಕಿ ಪೂರ್ತಿ ಕತ್ತರಿಸಿ ತೆಗೆಯುವುದು ಒಂದು ದಾರಿ. ಅದಕ್ಕಿಂತ ಸುಲಭದ್ದು, ಶುರುವಿನ 20 ಅಮೈನೊ ಆಮ್ಲಗಳ ಪೆಪ್ಟೈಡನ್ನು ಹಿಂಬದಿಗೆ ಫ್ಲೋರೆಸೀನ್ ಹಚ್ಚಿಸಿ ತರಿಸುವುದು. ಪಿಸಿಎನ್‌ಎ ಆಮ್ಲೀಯ ಪ್ರೋಟೀನ್, ಹೆಪಾರಿನ್‌ಗೆ ಅಂಟುವುದಿಲ್ಲ. ಋಣ ಆವೇಶದ ಪ್ರೋಟೀನ್ ಹಿಡಿಯುವ ಕ್ಯೂ ಕಾಲಮ್ ಬಳಸಿ. ಜೆಲ್ ಫಿಲ್ಟ್ರೇಶನ್ನಿನಲ್ಲಿ ಅದು 29ರ ಬದಲು ಮೂರರ ತೂಕವಾದ 87 ಕಿಲೋಡಾಲ್ಟನ್ ಅಥವಾ ಅದಕ್ಕೂ ಮೇಲೆ ಬರುತ್ತದೆ. ಬರದಿದ್ದರೆ ಉಂಗುರ ಬಿಚ್ಚಿಹೋಗಿದೆ, ಮುಂದುವರಿಸಬೇಡಿ. 20 ನ್ಯಾನೋಮೋಲಾರ್ ಪೆಪ್ಟೈಡಿಗೆ ಪಿಸಿಎನ್‌ಎಯನ್ನು 10 ನ್ಯಾನೋಮೋಲಾರ್‌ನಿಂದ 50 ಮೈಕ್ರೋಮೋಲಾರ್‌ವರೆಗೆ ಏರಿಸುತ್ತ ಫ್ಲೋರೆಸೀನ್ ಹೊಮ್ಮಿಸುವ ಬೆಳಕಿನ ಧ್ರುವೀಕರಣ ಅಳೆಯಿರಿ; ಪೆಪ್ಟೈಡ್ ಅಂಟಿದಷ್ಟೂ ಅದು ಏರುತ್ತದೆ. ಹೋಲಿಕೆಗೆ ಪಿ21 ಪೆಪ್ಟೈಡ್ ಒಂದು; ಫಿನೈಲಲನಿನ್ 10, 11 ಎರಡನ್ನೂ ಅಲನಿನ್ ಮಾಡಿದ ಪೆಪ್ಟೈಡ್ ಇನ್ನೊಂದು. ಈ ಎರಡನೆಯದೂ ಅಂಟಿದಂತೆ ಕಂಡರೆ ನೀವು ಅಳೆಯುತ್ತಿರುವುದು ಗುಳಿಯ ಹಿಡಿತವನ್ನಲ್ಲ. ಉಪ್ಪನ್ನು 150 ಮಿಲಿಮೋಲಾರ್‌ಗೆ ಏರಿಸಿ, ಶೇ 0.01 ಟ್ವೀನ್-20 ಸೇರಿಸಿ ಮತ್ತೆ ಮೊದಲಿನಿಂದ ಮಾಡಿ.